ಬಸ್ಸಲ್ಲಿ ನಿಂಟೆಂಡೊ ಸ್ವಿಚ್ ಆಡೋರಿಗೆ: ಗ್ರಿಪ್ಪಾ, ಕ್ಲಿಪ್ ಕಂಟ್ರೋಲರ್ರಾ, ಬೇರೆ ಪ್ಯಾಡಾ?

ಗಣಿತದಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಗಣಿತ ಹೇಳ್ತೀನಿ. ಮನೆ ಇರೋದು ದಾವಣಗೆರೆ ಶಾಮನೂರು ರಸ್ತೆ ಕಡೆ, ಶಾಲೆ ಚಿತ್ರದುರ್ಗದ ಹತ್ರ. ದಿನಾ ಬಸ್ಸಲ್ಲೇ ಓಡಾಟ. ಬೆಳಿಗ್ಗೆ ಹೋಗುವಾಗ ಪಾಠದ ತಯಾರಿ, ಇಲ್ಲಾ ಕಾಪಿ ತಿದ್ದೋದು. ಸಂಜೆ ವಾಪಸ್ ಬರುವಾಗ ಮಾತ್ರ ಯಾರು ಏನು ಹೇಳಿದ್ರೂ ಆ ಹೊತ್ತು ನಂದೇ. ದುರ್ಗದ ಬಸ್ ಸ್ಟ್ಯಾಂಡಲ್ಲಿ ಕಿಟಕಿ ಸೀಟ್ ಸಿಕ್ತು ಅಂದ್ರೆ ಸ್ವಿಚ್, ಅಂದ್ರೆ ಕೈಲಿ ಹಿಡಿದು ಆಡೋ ಗೇಮ್ ಯಂತ್ರ, ತೆಗೆದು ಆಡೋಕೆ ಕೂತುಬಿಡ್ತೀನಿ. ಭರಮಸಾಗರ, ಆನಗೋಡು ಯಾವಾಗ ದಾಟಿತು ಅಂತಾನೇ ಗೊತ್ತಾಗಲ್ಲ.

ನನ್ನ ಹತ್ರ ಇರೋದು ಅದರದೇ ಒಂದು ಮಾದರಿ, ಸ್ವಿಚ್ ಓಲೆಡ್. ತಮ್ಮ ಕೊಡಿಸಿದ್ದು. ಆಡೋದು ಎರಡೇ ಆಟ, ಜೆಲ್ಡಾದ ಬ್ರೆತ್ ಆಫ್ ದಿ ವೈಲ್ಡ್ ಮತ್ತೆ ಸ್ಟಾರ್‌ಡ್ಯೂ ವ್ಯಾಲಿ. ಜೆಲ್ಡಾದಲ್ಲಿ ನನಗೆ ಯುದ್ಧಕ್ಕಿಂತ ಬೆಟ್ಟ ಹತ್ತೋದು ಇಷ್ಟ. ಎದುರಿಗೆ ಕಾಣೋ ಬಂಡೆಯನ್ನೆಲ್ಲ ಹತ್ತಬಹುದು, ಆದರೆ ದಮ್ಮು ಮುಗಿಯೋದರೊಳಗೆ ಕಾಲಿಡೋಕೆ ಒಂದು ಜಾಗ ಸಿಗಬೇಕು. ಮಳೆ ಬಂದ್ರೆ ಜಾರುತ್ತೆ. ದುರ್ಗದ ಕೋಟೆಯಲ್ಲಿ ಜ್ಯೋತಿರಾಜ್ ಅವರು ಬರಿಗೈಲಿ ಗೋಡೆ ಹತ್ತೋದನ್ನ ನಿಂತು ನೋಡಿದವರಿಗೆ ಈ ಆಟದ ರುಚಿ ಬೇಗ ಹತ್ತುತ್ತೆ. ಎಲ್ಲಿ ಕೈ ಇಟ್ಟರೆ ಹಿಡಿತ ಸಿಗುತ್ತೆ ಅಂತ ಕಣ್ಣು ತಾನಾಗೇ ಹುಡುಕೋಕೆ ಶುರು ಮಾಡುತ್ತೆ.

ಈಗ ತೊಂದರೆ ಹೇಳ್ತೀನಿ. ಸ್ವಲ್ಪ ದಿನದಿಂದ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಕಿರುಬೆರಳು ಜೋಮು ಹಿಡಿಯುತ್ತೆ. ಮರುದಿನ ಬೋರ್ಡ್ ಮೇಲೆ ಬರೆಯುವಾಗಲೂ ಗೊತ್ತಾಗುತ್ತೆ. ಆಟ ಬಿಡೋ ಮನಸ್ಸಿಲ್ಲ. ಏನಾದ್ರೂ ತಗೊಂಡ್ರೆ ಸರಿ ಹೋಗುತ್ತಾ ಅಂತ ಹುಡುಕಿದೆ. ಸುತ್ತ ಹಾಕೋ ಗ್ರಿಪ್ ಅಂತಾರೆ, ಸ್ವಿಚ್ಚಿನ ಎರಡೂ ಪಕ್ಕ ಇರೋ ಚಿಕ್ಕ ಕಂಟ್ರೋಲರ್ ಆದ ಜಾಯ್‌ಕಾನ್ ಬಿಚ್ಚಿ ಅದರ ಜಾಗಕ್ಕೆ ಸಿಕ್ಕಿಸೋ ದೊಡ್ಡ ಹಿಡಿಗಳು ಅಂತಾರೆ, ಸ್ವಿಚ್ಚಿಂದ ಬೇರೆಯಾಗಿ ಕೈಲಿ ಹಿಡಿಯೋ ಪ್ರೊ ಕಂಟ್ರೋಲರ್ ಅಂತಾರೆ. ಐದಾರು ಸಾವಿರದವರೆಗೆ ಹಾಕಬಲ್ಲೆ. ಬ್ಯಾಗಲ್ಲಿ ಊಟದ ಡಬ್ಬಿ, ನೀರಿನ ಬಾಟ್ಲಿ, ಮಕ್ಕಳ ಉತ್ತರಪತ್ರಿಕೆ ಎಲ್ಲಾ ಇರುತ್ತೆ, ಹಾಗಾಗಿ ಜಾಗ ಕಮ್ಮಿ.

ಮನೇಲಿ ಅಮ್ಮನೂ ಆಡ್ತಾರೆ. ಮಾರಿಯೊ ಕಾರ್ಟ್ ಒಂದೇ. ಅವರಿಗೆ ಒಂದು ಜಾಯ್‌ಕಾನ್ ಅಡ್ಡ ಹಿಡಿದು ಅಭ್ಯಾಸ. ಅದಕ್ಕೆ ತೊಂದರೆ ಆಗಬಾರದು.

ದಿನಾ ಪ್ರಯಾಣದಲ್ಲಿ ಆಡೋರು, ಕೈಯಲ್ಲಿ ಹಿಡಿದು ನೋಡಿದೋರು ಹೇಳಿ.

ಹದಡಿ ರೋಡ್ ಹುಡುಗ

ಮೇಡಂ, ಪ್ರೊ ಕಂಟ್ರೋಲರ್ ತಗೊಳ್ಳಿ, ಕಣ್ಣು ಮುಚ್ಚಿ. ಇಂಜಿನಿಯರಿಂಗ್ ಹಾಸ್ಟೆಲ್ಲಲ್ಲಿ ನಾವೆಲ್ಲ ಅದರಲ್ಲೇ ಆಡೋದು. ಒಂದು ಸಲ ಚಾರ್ಜ್ ಮಾಡಿದ್ರೆ ಸುಮಾರು 40 ಗಂಟೆ ಬರುತ್ತೆ. ತೂಕ 246 ಗ್ರಾಂ ಅಷ್ಟೇ, ಕೈ ತುಂಬ ಕೂರುತ್ತೆ. ನಾನು ಸೆಲೆಸ್ಟ್, ಹಾಲೋ ನೈಟ್ ಥರದ ಜಿಗಿಯೋ ಆಟ ಆಡೋನು. ಅಂಥವಕ್ಕೆ ಕೂಡುಗುರುತಿನ ಆಕಾರದ, ನಾಲ್ಕು ದಿಕ್ಕಿನ ಒಂದೇ ಗುಂಡಿ, ಅಂದ್ರೆ ಡಿ‌ಪ್ಯಾಡ್ ಬೇಕೇ ಬೇಕು. ಎಡಗಡೆ ಜಾಯ್‌ಕಾನಲ್ಲಿ ಇರೋದು ನಾಲ್ಕು ಬೇರೆ ಬೇರೆ ಗುಂಡಿ. ಅದರಲ್ಲಿ ಮೇಲಿಂದ ಪಕ್ಕಕ್ಕೆ ಬೆರಳು ಜಾರಿಸೋಕೆ ಆಗಲ್ಲ, ಎತ್ತಿ ಎತ್ತಿ ಒತ್ತಬೇಕು.

ಗಣಿತದಕ್ಕ, ದಾವಣಗೆರೆ

ಥ್ಯಾಂಕ್ಸ್ ಕಣಪ್ಪ. ಆದರೆ ಕಂಟ್ರೋಲರ್ ಕೈಯಲ್ಲಿ ಇದ್ರೆ ಸ್ವಿಚ್ ಎಲ್ಲಿ ಇಡ್ಲಿ? ನಮ್ಮ ಬಸ್ಸಲ್ಲಿ ಸೀಟಿನ ಮುಂದೆ ಟೇಬಲ್ ಇರಲ್ಲ. ಓಲೆಡ್‌ಗೆ ಹಿಂದೆ ಅಗಲವಾದ ಸ್ಟ್ಯಾಂಡ್ ಇದೆ ನಿಜ, ತೊಡೆ ಮೇಲೆ ಅದು ನಿಲ್ಲಲ್ಲ.

ದುರ್ಗದ ರಿಪೇರಿಯವ

ಅಕ್ಕಾ, ನಮಸ್ಕಾರ. ನಂದು ಇಲ್ಲೇ ದುರ್ಗದ ಸಂತೆಪೇಟೆ ಕಡೆ ಮೊಬೈಲ್ ರಿಪೇರಿ ಅಂಗಡಿ. ಸ್ವಿಚ್, ಪ್ಲೇಸ್ಟೇಷನ್ ಪ್ಯಾಡು, ಎಕ್ಸ್‌ಬಾಕ್ಸ್ ಪ್ಯಾಡು ಎಲ್ಲಾ ನನ್ನ ಟೇಬಲ್ಲಿಗೆ ಬರ್ತವೆ. ನಾನೂ ಆಡ್ತೀನಿ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಮೇಲಿನ ತಮ್ಮ ಹೇಳಿದ್ದು ತಪ್ಪಲ್ಲ. ಮನೇಲಿ ಟಿವಿ ಮುಂದೆ ಕೂತು ಆಡೋಕೆ ಪ್ರೊ ಕಂಟ್ರೋಲರ್ ಥರದ್ದು ಇನ್ನೊಂದಿಲ್ಲ. ಆದ್ರೆ ನಿಮ್ಮ ಆಟ ನಡೆಯೋದು ತೊಡೆ ಮೇಲೆ, ಅದೂ ಬಸ್ಸಲ್ಲಿ. ಅಲ್ಲಿಗೆ ಯಾವುದು ಹೊಂದುತ್ತೆ ಅಂತ ಮೊದಲು ನೋಡ್ಬೇಕು.

ಜಾಯ್‌ಕಾನ್ ಚಪ್ಪಟೆ. ಅಂಗೈಗೂ ಸ್ವಿಚ್ಚಿಗೂ ನಡುವೆ ಖಾಲಿ ಜಾಗ ಉಳಿಯುತ್ತೆ. ಅಂಗೈ ಆಸರೆ ಕೊಡಲ್ಲ ಅಂದ್ಮೇಲೆ ಭಾರ ಎಲ್ಲಾ ಹೊರೋದು ಬೆರಳುಗಳು. ಓಲೆಡ್ ಜಾಯ್‌ಕಾನ್ ಸಮೇತ ಸುಮಾರು 420 ಗ್ರಾಂ. ಚಿಕ್ಕ ಮಾದರಿ ಸ್ವಿಚ್ ಲೈಟ್ ಆಗಿದ್ರೆ 275. ಕೆಳಗಿಂದ ಎತ್ತಿ ಹಿಡಿದಿರೋದು ನಿಮ್ಮ ಕಿರುಬೆರಳು, ಅದಕ್ಕೇ ಜೋಮು. ಇನ್ನು ಬಲಗಡೆ ಸ್ಟಿಕ್, ಅಂದ್ರೆ ಹೆಬ್ಬೆರಳಲ್ಲಿ ವಾಲಿಸೋ ಕಡ್ಡಿ, ಇರೋದು ಎ, ಬಿ, ಎಕ್ಸ್, ವೈ ಗುಂಡಿಗಳ ಕೆಳಗೆ. ಕ್ಯಾಮೆರಾ ತಿರುಗಿಸ್ಬೇಕು ಅಂದ್ರೆ ಹೆಬ್ಬೆರಳನ್ನ ಒಳಕ್ಕೆ ಮಡಚಿ ಕೆಳಕ್ಕೆ ಎಳೀಬೇಕು. ಜೆಲ್ಡಾದಲ್ಲಿ ಓಡೋಕೆ ಬಿ ಒತ್ತಿ ಹಿಡೀಬೇಕು, ನೋಡೋಕೆ ಸ್ಟಿಕ್ಕು ಬೇಕು, ಜಿಗಿಯೋಕೆ ಎಕ್ಸು. ಮೂರಕ್ಕೂ ಅದೇ ಒಂದು ಹೆಬ್ಬೆರಳು.

ಇದಕ್ಕೆ ದುಡ್ಡು ಹಾಕೋ ಮುಂಚೆ ಒಂದು ಕೆಲಸ ಮಾಡಿ. 2020ರ ಏಪ್ರಿಲ್‌ನಲ್ಲಿ ಬಂದ 10.0.0 ಅಪ್‌ಡೇಟ್ ಆದ್ಮೇಲೆ ಸ್ವಿಚ್ಚಲ್ಲೇ ಗುಂಡಿ ಅದಲು ಬದಲು ಮಾಡೋ ಸೌಕರ್ಯ ಐತೆ. ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್ ಒಳಗೆ ಚೇಂಜ್ ಬಟನ್ ಮ್ಯಾಪಿಂಗ್ ತೆಗೀರಿ. ಬಿ ಮತ್ತು ಮೇಲಂಚಲ್ಲಿರೋ ಆರ್ ಎರಡನ್ನೂ ಅದಲು ಬದಲು ಮಾಡಿ. ಈಗ ಓಡೋದು ತೋರುಬೆರಳಿಗೆ ಹೋಯ್ತು, ಹೆಬ್ಬೆರಳು ಸ್ಟಿಕ್ ಮೇಲೇ ಆರಾಮಾಗಿ ಇರುತ್ತೆ. ಆಯುಧ ಎಸೆಯೋದು ಬಿ‌ಗೆ ಬರುತ್ತೆ, ಅದೇನು ಪದೇ ಪದೇ ಬೇಕಾಗಲ್ಲ. ಮೆನುವಲ್ಲಿ ಹಿಂದಕ್ಕೆ ಹೋಗೋದೂ ಆರ್ ಆಗುತ್ತೆ, ಒಂದೆರಡು ಸಂಜೆ ಕೈ ತಡವರಿಸಬಹುದು, ಆಮೇಲೆ ರೂಢಿ. ಇಂಥ ಜೋಡಣೆ ಐದರವರೆಗೆ ಸೇವ್ ಮಾಡಿಡಬಹುದು. ನೆನಪಿಡಿ, ಇದು ನಿಂಟೆಂಡೊದ್ದೇ ಜಾಯ್‌ಕಾನ್, ಪ್ರೊ ಕಂಟ್ರೋಲರ್, ಮತ್ತೆ ಲೈಟ್‌ಗೆ ಇರೋ ಸೌಕರ್ಯ. ಬೇರೆ ಕಂಪನಿ ಪ್ಯಾಡಿಗೆ ಅದೇ ಮೆನು ಕೆಲಸ ಮಾಡುತ್ತೆ ಅಂತ ನಂಬಿ ತಗೋಬೇಡಿ.

ಇನ್ನೊಂದು, ಜೆಲ್ಡಾದ ಆಪ್ಷನ್ಸಲ್ಲಿ ಸ್ವಿಚ್ ಓಲಾಡಿಸಿ, ಅಂದ್ರೆ ಮೋಷನ್‌ನಿಂದ ಗುರಿ ಹಿಡಿಯೋದನ್ನ ಆಫ್ ಮಾಡಿ. ಬಸ್ಸು ಕುಲುಕಿದಾಗೆಲ್ಲ ಬಿಲ್ಲು ಅಲ್ಲಾಡುತ್ತೆ, ಅದನ್ನ ಸರಿ ಮಾಡೋಕೆ ಅಂತ ಮಣಿಕಟ್ಟು ಬಿಗಿ ಹಿಡಿದಿರ್ತೀರಿ.

ಈಗ ವಸ್ತುಗಳ ವಿಷಯ.

ಸುತ್ತ ಹಾಕೋ ಗ್ರಿಪ್ ಅಂದ್ರೆ ಸ್ವಿಚ್ಚಿನ ಬೆನ್ನಿಗೆ ಹಾಕೋ ಕವರ್ರು, ಎರಡೂ ಕಡೆ ಉಬ್ಬಿರೋ ಹಿಡಿ ಇರುತ್ತೆ. ಅಂಗೈ ತುಂಬುತ್ತೆ, ಭಾರ ಬೆರಳಿಂದ ಅಂಗೈಗೆ ಇಳಿಯುತ್ತೆ. ಜಾಯ್‌ಕಾನ್ ಹಾಗೇ ಉಳಿಯುತ್ತೆ, ಮೋಷನ್ನು, ವೈಬ್ರೇಷನ್ನು ಎಲ್ಲಾ ಇರುತ್ತೆ. ಕೊಳ್ಳುವಾಗ ಓಲೆಡ್‌ದೇ ಅಂತ ಕೇಳಿ ತಗೊಳ್ಳಿ. 2017ರ ಹಳೇ ಸ್ವಿಚ್ಚಿನ ಉದ್ದ 239 ಮಿಲಿಮೀಟರ್, ಓಲೆಡ್ 242. ಮೂರೇ ಮಿಲಿಮೀಟರ್ ಅನ್ನಬೇಡಿ, ಗಟ್ಟಿ ಪ್ಲಾಸ್ಟಿಕ್ ಕವರಲ್ಲಿ ಅಷ್ಟು ಸಾಕು ಕೂರದೇ ಇರೋಕೆ.

ಸಿಕ್ಕಿಸೋ ಹಿಡಿಗಳಲ್ಲಿ ಹೆಸರಾಗಿರೋದು ಹೋರಿ ಕಂಪನಿಯ ಸ್ಪ್ಲಿಟ್ ಪ್ಯಾಡ್ ಪ್ರೊ. ಅದರ ಸ್ಟಿಕ್ಕು ಟಿವಿ ಪ್ಯಾಡಿನಷ್ಟೇ ದೊಡ್ಡದು, ಗುಂಡಿಗಳೂ ದೊಡ್ಡವು, ಹಿಂದೆ ಇನ್ನೊಂದೆರಡು ಗುಂಡಿ ಬೇರೆ. ಹಿಡಿದ್ರೆ ಬಿಡೋಕೆ ಮನಸ್ಸಾಗಲ್ಲ. ಆದ್ರೆ ಅದರೊಳಗೆ ಬ್ಯಾಟರಿ ಇಲ್ಲ, ಸ್ವಿಚ್ಚಿಂದಲೇ ಕರೆಂಟ್ ತಗೊಳ್ಳುತ್ತೆ. ಬಿಚ್ಚಿದ್ರೆ ಕೆಲಸ ಮಾಡಲ್ಲ. ವೈಬ್ರೇಷನ್ ಇಲ್ಲ, ಅಮೀಬೊ ಅನ್ನೋ ಚಿಪ್ ಇರೋ ಗೊಂಬೆ ಓದಲ್ಲ, ಮುಖ್ಯವಾಗಿ ಓಲಾಟ ಅಳೆಯೋ ಗೈರೊ ಇಲ್ಲ. ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಕೆಲವು ಗುಡಿಗಳ ಒಗಟು ಕಂಟ್ರೋಲರ್ ಓಲಾಡಿಸಿಯೇ ಬಿಡಿಸಬೇಕು, ಚೆಂಡು ಉರುಳಿಸೋದು ಅಂತ ಬರುತ್ತಲ್ಲ, ಅಂಥವು. ಆವಾಗ ಜಾಯ್‌ಕಾನ್ ಮತ್ತೆ ಹಾಕಲೇಬೇಕು. ಬಸ್ಸಿಗೆ ಜಾಯ್‌ಕಾನ್ ಒಯ್ಯದೇ ಹೋದ್ರೆ ಗುಡಿ ಬಾಗಿಲಲ್ಲೇ ನಿಂತ್ಕೋಬೇಕು.

ಗೈರೊ, ವೈಬ್ರೇಷನ್ ಎರಡೂ ಇರೋ ಸಿಕ್ಕಿಸೋ ಹಿಡಿಗಳೂ ಅದಾವೆ. ನಿಕ್ಸಿ ಕಂಪನಿಯ ಹೈಪೀರಿಯನ್ ಪ್ರೊ ಅಂಥದ್ದು. ಅದಕ್ಕೆ ಸ್ವಂತ ಬ್ಯಾಟರಿ ಐತೆ, ಬಿಚ್ಚಿದ್ರೂ ಬ್ಲೂಟೂತಲ್ಲಿ ನಡೆಯುತ್ತೆ, ಸ್ಟಿಕ್ಕು ಹಾಲ್ ಎಫೆಕ್ಟ್‌ದು.

ಈ ಹಾಲ್ ಎಫೆಕ್ಟ್ ಅಂದ್ರೇನು ಅಂತ ಗಿರಾಕಿಗಳೆಲ್ಲ ಕೇಳ್ತಾರೆ. ಹೇಳಿಬಿಡ್ತೀನಿ. ಸಾಮಾನ್ಯ ಸ್ಟಿಕ್ಕೊಳಗೆ ಇಂಗಾಲದ ಪದರ ಇರುತ್ತೆ, ಅದರ ಮೇಲೆ ಸಣ್ಣ ಲೋಹದ ನಾಲಿಗೆ ಉಜ್ಜುತ್ತೆ. ಸ್ಟಿಕ್ ಎಲ್ಲಿದೆ ಅಂತ ಗೊತ್ತಾಗೋದು ಆ ಜಾಗದ ವಿದ್ಯುತ್ ರೋಧದಿಂದ. ಉಜ್ಜಿ ಉಜ್ಜಿ ಪದರ ಸವೆಯುತ್ತೆ, ಪುಡಿ ಏಳುತ್ತೆ, ಮೇಲಿಂದ ಧೂಳು ಸೇರುತ್ತೆ. ಹಳೇ ರೇಡಿಯೊದ ವಾಲ್ಯೂಮ್ ತಿರುವಿದ್ರೆ ಕರಕರ ಅಂತಿತ್ತಲ್ಲ, ಅದರೊಳಗೂ ಇದ್ದದ್ದು ಇದೇ ಜಾತಿ ವಸ್ತು, ಕಾರಣಾನೂ ಇದೇ. ಅಲ್ಲಿ ಸದ್ದು ಬರ್ತಿತ್ತು, ಇಲ್ಲಿ ಮುಟ್ಟದೇ ಇದ್ರೂ ಆಟಗಾರ ತಾನಾಗೇ ನಡೆಯೋಕೆ ಶುರು ಮಾಡ್ತಾನೆ. ಡ್ರಿಫ್ಟ್ ಅನ್ನೋದು ಇದಕ್ಕೇ. ಜಾಯ್‌ಕಾನ್ ವಿಚಾರದಲ್ಲಿ ಇದು ಎಷ್ಟು ದೊಡ್ಡ ಮಾತಾಯ್ತು ಅಂದ್ರೆ 2020ರಲ್ಲಿ ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ ಅವರೇ ಗಿರಾಕಿಗಳಿಗಾದ ತೊಂದರೆಗೆ ಕ್ಷಮೆ ಕೇಳಿದ್ರು.

ಹಾಲ್ ಎಫೆಕ್ಟಲ್ಲಿ ಉಜ್ಜಾಟ ಇಲ್ಲ. ಸ್ಟಿಕ್ಕಿನ ಬುಡದಲ್ಲಿ ಆಯಸ್ಕಾಂತ, ಎದುರಿಗೆ ಸೆನ್ಸರ್. ಆಯಸ್ಕಾಂತ ವಾಲಿದಾಗ ಕ್ಷೇತ್ರ ಬದಲಾಗುತ್ತೆ, ಸೆನ್ಸರ್ ಅದನ್ನ ಅಳೆಯುತ್ತೆ. 1879ರಲ್ಲಿ ಎಡ್ವಿನ್ ಹಾಲ್ ಅನ್ನೋರು ಕಂಡುಹಿಡಿದ ವಿದ್ಯೆ. ಹೊಸದೇನಲ್ಲ ಅಕ್ಕ, ಸೆಗಾ ಕಂಪನಿಯವರು ಡ್ರೀಮ್‌ಕಾಸ್ಟ್ ಪ್ಯಾಡಲ್ಲಿ ಆಗಲೇ ಹಾಕಿದ್ರು. ಈಗ ಟಿಎಂಆರ್ ಅಂತ ಇನ್ನೊಂದು ಬಂದೈತೆ, ಅದೂ ಆಯಸ್ಕಾಂತದ್ದೇ, ಕರೆಂಟ್ ಕಮ್ಮಿ ಸಾಕು. ನಮ್ಮ ಕಡೆ ಬೇಸಿಗೆ ಧೂಳಿಗೆ, ದಿನಾ ಬಸ್ಸಲ್ಲಿ ತೆಗೆಯೋರಿಗೆ ಈ ಎರಡರಲ್ಲಿ ಒಂದು ಇದ್ರೆ ಒಳ್ಳೇದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಹಂಗಂತ ಈಗ ಚೆನ್ನಾಗಿರೋ ಜಾಯ್‌ಕಾನ್ ಬಿಚ್ಚಿಸೋಕೆ ಹೋಗ್ಬೇಡಿ. ತೊಂದರೆ ಬಂದಾಗ ಸ್ಟಿಕ್ ಒಂದನ್ನೇ ಬದಲಿಸಬಹುದು. ಹಿಂದೆ ಮೂರು ಮೂಲೆಯ ವೈ ಆಕಾರದ ಸ್ಕ್ರೂ ನಾಲ್ಕು, ಒಳಗೆ ಬ್ಯಾಟರಿ ಸರಿಸಿದ್ರೆ ಸ್ಟಿಕ್ಕಿನ ತೆಳು ಪಟ್ಟಿ ಕೇಬಲ್ ಸಿಗುತ್ತೆ. ಸೋಲ್ಡರ್ ಕೂಡ ಬೇಕಿಲ್ಲ. ಹಾಲ್ ಎಫೆಕ್ಟ್ ಸ್ಟಿಕ್ಕನ್ನ ಗುಲಿಕಿಟ್ ಅನ್ನೋ ಕಂಪನಿ ಇದೇ ಅಳತೆಗೆ ಮಾಡ್ತಾರೆ. ಬದಲಿಸಿದ್ಮೇಲೆ ಸೆಟ್ಟಿಂಗ್ಸಲ್ಲಿ ಕ್ಯಾಲಿಬ್ರೇಟ್ ಮಾಡ್ಲೇಬೇಕು.

ಫಿಸಿಯೊ, ವಿದ್ಯಾನಗರ

ಟೀಚರ್ರೇ, ನಾನು ದಾವಣಗೆರೆಯಲ್ಲಿ ಫಿಸಿಯೊಥೆರಪಿಸ್ಟ್. ಆಟದ ಸಾಮಾನಿನ ಬಗ್ಗೆ ಮಾತಾಡಲ್ಲ, ಕೈ ಬಗ್ಗೆ ಮಾತ್ರ ಹೇಳ್ತೀನಿ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆ ಬಾಗಿಸಿ. ಮಣಿಕಟ್ಟಿನ ಹೆಬ್ಬೆರಳಿನ ಪಕ್ಕದಲ್ಲಿ ಚುರ್ ಅಂತ ನೋವು ಬಂದರೆ ಅಲ್ಲಿನ ಸ್ನಾಯುರಜ್ಜುವಿನ ಕವಚ ಊದಿಕೊಂಡಿರಬಹುದು. ಡಿ ಕರ್ವೈನ್ ಅಂತ ಕರೆಯುತ್ತೇವೆ. ಎಳೆಮಕ್ಕಳನ್ನು ಎತ್ತಿಕೊಳ್ಳುವ ತಾಯಂದಿರಲ್ಲಿ ಬಹಳ ಕಾಣುತ್ತೆ, ಫೋನ್ ಹೆಚ್ಚು ಬಳಸುವವರಲ್ಲೂ ಕಾಣುತ್ತೆ. ಹಾಗೆ ನೋವು ಬಂದರೆ ಯಾವ ಗ್ರಿಪ್ಪೂ ಔಷಧಿ ಅಲ್ಲ. ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ, ಕೈಗೆ ರಜೆ ಕೊಡಿ. ಕಿರುಬೆರಳಿನ ಜೋಮು ಆಟ ನಿಲ್ಲಿಸಿದ ಮೇಲೂ ಉಳಿದರೆ ಅದನ್ನೂ ಹೇಳಿ. ಮೊಣಕೈಯನ್ನು ಬಹಳ ಹೊತ್ತು ಮಡಚಿ ಇಟ್ಟರೂ ಆ ಬೆರಳಿಗೆ ಹೋಗುವ ನರ ಒತ್ತುತ್ತೆ.

ಇನ್ನೊಂದು ಗಮನಿಸಿ. ಬಸ್ಸು ಹಂಪ್ ಹಾರಿದಾಗ ಕೈಯಿಂದ ಬೀಳಬಾರದು ಅಂತ ನಮಗೇ ತಿಳಿಯದಂತೆ ಬಿಗಿಯಾಗಿ ಹಿಡಿಯುತ್ತೇವೆ. ಗುಂಡಿ ಒತ್ತುವುದಕ್ಕಿಂತ ಆ ಹಿಡಿತವೇ ಕೈಯನ್ನು ದಣಿಸುತ್ತೆ. ನಿಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಎರಡೂ ಮುಂಗೈ ಊರಿ ಆಡಿ. ಭಾರ ಬ್ಯಾಗಿಗೆ ಹೋಗುತ್ತೆ. ಪರದೆ ಮೇಲೆ ಬರುವುದರಿಂದ ಕತ್ತೂ ಬಗ್ಗುವುದಿಲ್ಲ. ಕೈಗೆ ಹಾಕುವ ದಾರ ಇದ್ದರೆ ಹಾಕಿಕೊಳ್ಳಿ, ಬೀಳುವ ಭಯ ಹೋದರೆ ಹಿಡಿತ ತಾನಾಗೇ ಸಡಿಲವಾಗುತ್ತೆ. ಸ್ಟಾಪ್ ಬಂದಾಗೆಲ್ಲ ಬೆರಳು ಬಿಡಿಸಿ ಕೈ ಚಾಚಿ.

ಗಣಿತದಕ್ಕ, ದಾವಣಗೆರೆ

ಡಾಕ್ಟ್ರೇ, ತುಂಬಾ ಉಪಕಾರ ಆಯ್ತು. ನೀವು ಹೇಳಿದ ಹಾಗೆ ಮುಷ್ಟಿ ಬಾಗಿಸಿ ನೋಡಿದೆ. ಚುರ್ ಅನ್ನಲಿಲ್ಲ, ಎಳೆದ ಹಾಗೆ ಆಯ್ತು ಅಷ್ಟೇ. ಆದ್ರೂ ಈ ವಾರ ತೋರಿಸ್ತೀನಿ.

ಬ್ಯಾಗಿನ ಮಾತು ಎಷ್ಟು ಸರಿ ಅಂದ್ರೆ, ಇವತ್ತು ಸಂಜೆ ಹಾಗೇ ಮಾಡಿದೆ. ಉತ್ತರಪತ್ರಿಕೆ ಕಟ್ಟು ಮೇಲಕ್ಕೆ ಬಂದಿದ್ರಿಂದ ಬ್ಯಾಗ್ ಗಟ್ಟಿಯಾಗಿ ಕೂತಿತ್ತು, ಕೈ ಹಗುರ ಅನ್ನಿಸ್ತು. ಬಿ ಮತ್ತು ಆರ್ ಕೂಡ ಅದಲು ಬದಲು ಮಾಡಿದೆ. ತೋರುಬೆರಳಲ್ಲಿ ಓಡೋದು ಎಷ್ಟು ಸಹಜ! ಓಡ್ತಾ ಓಡ್ತಾನೇ ಸುತ್ತ ನೋಡಬಹುದು. ಕುದುರೆ ಹಿಂದೆ ಓಡುವಾಗ ದಾರಿ ಕಾಣ್ತಿತ್ತು, ಇಷ್ಟು ದಿನ ಬರೀ ಅದರ ಬಾಲ ನೋಡ್ತಿದ್ದೆ.

ರಿಪೇರಿಯಣ್ಣ, ಎರಡು ಪ್ರಶ್ನೆ. ಸ್ಪ್ಲಿಟ್ ಪ್ಯಾಡ್ ಥರದ್ದು ಹಾಕಿದ್ರೆ ಮಾಮೂಲಿ ಕೇಸಲ್ಲಿ ಹಿಡಿಯುತ್ತಾ? ಮತ್ತೆ ನಮ್ಮ ದೇಶದಲ್ಲಿ ನಿಂಟೆಂಡೊ ಅಂಗಡಿನೇ ಇಲ್ವಲ್ಲ, ಎಲ್ಲಿ ತಗೊಳ್ಳೋದು, ಡೂಪ್ಲಿಕೇಟ್ ಗೊತ್ತಾಗೋದು ಹೇಗೆ?

ದುರ್ಗದ ರಿಪೇರಿಯವ

ಹಿಡಿಯಲ್ಲ ಅಕ್ಕ. ಹಿಡಿಗಳು ಉಬ್ಬಿರೋದ್ರಿಂದ ದಪ್ಪ ಕೇಸ್ ಬೇಕು. ಹೋರಿಯವರದ್ದೇ ಸ್ಪ್ಲಿಟ್ ಪ್ಯಾಡ್ ಕಾಂಪ್ಯಾಕ್ಟ್ ಅಂತ ಚಿಕ್ಕದು ಬರುತ್ತೆ, ಅದು ಪರವಾಗಿಲ್ಲ. ಗ್ರಿಪ್ಪಿಗೂ ಇದೇ ಮಾತು, ಗ್ರಿಪ್ ಸಮೇತ ಕೂರೋ ಕೇಸ್ ನೋಡಿ. ಕೇಸಿನ ಮುಚ್ಚಳ ಸ್ಟಿಕ್ಕನ್ನ ಒತ್ತುತ್ತಾ ಅಂತ ಮುಚ್ಚಿ ನೋಡ್ಬೇಕು. ಊಟದ ಡಬ್ಬಿ ಅದರ ಮೇಲೆ ಕೂತು, ಸ್ಟಿಕ್ ಇಡೀ ದಿನ ಒಂದೇ ಕಡೆ ವಾಲಿಕೊಂಡಿದ್ರೆ ಒಳಗಿನ ಸ್ಪ್ರಿಂಗು ಏನಾಗ್ಬೇಕು ಹೇಳಿ. ಹೆಬ್ಬೆರಳಿಗೆ ಹಾಕೋ ಎತ್ತರದ ರಬ್ಬರ್ ಟೋಪಿ ಬರ್ತವಲ್ಲ, ಗುರಿ ಹಿಡಿಯೋಕೆ ಚೆನ್ನಾಗಿರ್ತವೆ, ಆದ್ರೆ ಅವು ಇದ್ರೆ ಮುಚ್ಚಳ ಒತ್ತೋದು ಇನ್ನೂ ಜಾಸ್ತಿ. ನಿಮಗೆ ಬೇಡ.

ತಗೊಳ್ಳೋ ವಿಷಯ. ಇಲ್ಲಿಗೆ ಬರೋದೆಲ್ಲ ಆಮದು ಮಾಲು. ಕಂಪನಿ ವಾರಂಟಿ ನಮ್ಮ ದೇಶದಲ್ಲಿ ನಡೆಯಲ್ಲ, ಮಾರಿದ ಅಂಗಡಿಯವನ ಮಾತೇ ವಾರಂಟಿ. ಅದಕ್ಕೇ ನಾನು ಹೇಳೋದು, ಬಿಲ್ ಕೊಡೋ ಅಂಗಡಿಲೇ ತಗೊಳ್ಳಿ. ಬೆಂಗಳೂರಿಗೆ ಹೋಗೋದಿದ್ರೆ ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟಲ್ಲಿ ಕೈಲಿ ಹಿಡಿದು ನೋಡಬಹುದು. ಕೈಲಿ ಹಿಡೀದೇ ಇಂಥದ್ದನ್ನ ಕೊಳ್ಳೋದು ನನಗಂತೂ ಒಪ್ಪಿಗೆ ಇಲ್ಲ, ನಿಮ್ಮ ಕೈ ಅಳತೆ ಫೋಟೋ ನೋಡಿದ್ರೆ ಗೊತ್ತಾಗಲ್ಲ.

ಡೂಪ್ಲಿಕೇಟ್ ಜಾಸ್ತಿ ಇರೋದು ಪ್ರೊ ಕಂಟ್ರೋಲರಲ್ಲಿ. ಹಳೇ ಸ್ವಿಚ್ಚಿನ ಅಸಲಿ ಪ್ರೊ ಕಂಟ್ರೋಲರಲ್ಲಿ ಬಲಗಡೆ ಸ್ಟಿಕ್ಕನ್ನ ಕೆಳಕ್ಕೆ ಎಳೆದು, ಟಾರ್ಚ್ ಹಾಕಿ ಮೇಲುಗಡೆ ಸಂದಿಯೊಳಗೆ ನೋಡಿ. ಆಟದ ಅಭಿಮಾನಿಗಳಿಗೆಲ್ಲ ಥ್ಯಾಂಕ್ಸ್ ಅಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತೆ. ಮಾಡಿದೋರು ಪ್ರೀತಿಯಿಂದ ಬಚ್ಚಿಟ್ಟಿರೋ ಮಾತು ಅದು. ಮೊದಲ ಸಲ ಕಂಡಾಗ ಅಂಗಡಿ ಹುಡುಗನನ್ನ ಕರೆದು ತೋರಿಸಿದ್ದೆ. ಅದೊಂದನ್ನೇ ನಂಬಬೇಡಿ, ಅಮೀಬೊ ಓದುತ್ತಾ, ಮೋಷನ್ ಸರಿ ಇದೆಯಾ ಅಂತ ಸ್ವಿಚ್ಚಿಗೆ ಹಾಕಿ ನೋಡಿ.

ಪ್ರೊ ಥರದ್ದೇ ಬೇಕು, ಸ್ಟಿಕ್ಕೂ ಬಾಳಿಕೆ ಬರ್ಬೇಕು ಅಂದ್ರೆ ಏಟ್‌ಬಿಟ್‌ಡು ಕಂಪನಿಯ ಅಲ್ಟಿಮೇಟ್ ಬ್ಲೂಟೂತ್ ನೋಡಿ. ಹಾಲ್ ಎಫೆಕ್ಟ್ ಸ್ಟಿಕ್ಕು, ಚಾರ್ಜ್ ಮಾಡೋ ಡಾಕ್ ಜೊತೆಗೇ ಬರುತ್ತೆ. ಬ್ಯಾಟರಿ ಮಾತ್ರ 22 ಗಂಟೆ ಅಂತಾರೆ, ನಿಂಟೆಂಡೊದಷ್ಟು ಬರಲ್ಲ. ಮನೇಲಿ ಆಡೋರಿಗೆ ಅದೇನು ಲೆಕ್ಕಕ್ಕಿಲ್ಲ.

ಮಂಡಿಪೇಟೆ ಲೈಟ್

ನಡುವೆ ಬಾಯಿ ಹಾಕ್ತೀನಿ. ನಂದು ಸ್ವಿಚ್ ಲೈಟ್. ಓದೋರು ಯಾರಾದ್ರೂ ಲೈಟ್ ಇಟ್ಕೊಂಡಿದ್ರೆ ಗಮನಿಸಿ, ಸಿಕ್ಕಿಸೋ ಹಿಡಿ ನಮಗಲ್ಲ. ಲೈಟಲ್ಲಿ ಕಂಟ್ರೋಲರ್ ಬಿಚ್ಚೋಕೇ ಬರಲ್ಲ. ಗ್ರಿಪ್ ಒಂದೇ ದಾರಿ. ಸ್ವಿಚ್ 2 ತಗೊಂಡೋರಿಗೂ ಈ ಹಳೇ ಹಿಡಿಗಳು ಕೂರಲ್ಲ. 2025ರ ಜೂನ್‌ನಲ್ಲಿ ಬಂದ ಅದರ ಜಾಯ್‌ಕಾನ್ 2 ಆಯಸ್ಕಾಂತದಿಂದ ಅಂಟೋದು, ಸಿಕ್ಕಿಸೋ ಹಳೇ ಕಂಬಿ ಇಲ್ಲ. ಹಳೇ ಜಾಯ್‌ಕಾನನ್ನ ಬ್ಲೂಟೂತಲ್ಲಿ ದೂರದಿಂದ ಬಳಸಬಹುದು ಅಷ್ಟೇ. ತೂಕನೂ ಜಾಸ್ತಿ, ಜಾಯ್‌ಕಾನ್ ಸಮೇತ ಸುಮಾರು 534 ಗ್ರಾಂ. ಬಸ್ಸಿಗೆ ನಮ್ಮ ಲೈಟೇ ವಾಸಿ ಅನ್ನೋದು ನನ್ನ ಮಾತು.

ಹದಡಿ ರೋಡ್ ಹುಡುಗ

ಮೇಡಂ, ಅಮ್ಮ ಮಾರಿಯೊ ಕಾರ್ಟ್ ಆಡ್ತಾರೆ ಅಂದ್ರಲ್ಲ, ಕೇಳಿ ತುಂಬಾ ಖುಷಿ ಆಯ್ತು. ಮಾರಿಯೊ ಕಾರ್ಟ್ 8 ಡಿಲಕ್ಸ್‌ನಲ್ಲಿ ಗಾಡಿ ಆರಿಸೋ ಕಡೆ ಪ್ಲಸ್ ಗುಂಡಿ ಒತ್ತಿದ್ರೆ ಮೂರು ಸೌಕರ್ಯ ಇದೆ. ಗಾಡಿ ತಾನಾಗೇ ಮುಂದೆ ಹೋಗೋದು, ರಸ್ತೆ ಬಿಟ್ಟು ಹೊರಗೆ ಬೀಳದ ಹಾಗೆ ತಿದ್ದೋದು, ಮತ್ತೆ ಓಲಾಡಿಸಿ ಸ್ಟಿಯರಿಂಗ್ ಮಾಡೋದು. ಒಂದು ಜಾಯ್‌ಕಾನ್ ಅಡ್ಡ ಹಿಡಿದಾಗ ಅದರಲ್ಲೂ ಪ್ಲಸ್ ಇಲ್ಲಾ ಮೈನಸ್ ಇರುತ್ತೆ, ಅದನ್ನೇ ಒತ್ತಬೇಕು. ತಾನಾಗೇ ಹೋಗೋದನ್ನ ಆನ್ ಮಾಡಿದ್ರೆ ಗುಂಡಿ ಒತ್ತಿ ಹಿಡಿಯೋ ಕೆಲಸವೇ ಇಲ್ಲ, ಬೆರಳಿಗೆ ನೋವಾಗಲ್ಲ. ಬಾಕ್ಸಲ್ಲಿ ಬರೋ ಸ್ಟ್ರಾಪ್ ಪಟ್ಟಿ ಹಾಕಿಕೊಡಿ. ಅದರ ಮೇಲಿನ ಎಸ್‌ಎಲ್, ಎಸ್‌ಆರ್ ಗುಂಡಿ ದೊಡ್ಡವು, ವಯಸ್ಸಾದವರ ಬೆರಳಿಗೆ ಸುಲಭವಾಗಿ ಸಿಗುತ್ತೆ.

ಗಣಿತದಕ್ಕ, ದಾವಣಗೆರೆ

ಪುಟ್ಟಾ, ನೀನು ಹೇಳಿದ್ದು ಮಾಡಿದೆ. ಅಮ್ಮ ಇಷ್ಟು ದಿನ ಗುಂಡಿ ಒತ್ತಿ ಹಿಡಿದು ಹಿಡಿದು ಮೂರನೇ ಸುತ್ತಿಗೆ ಕೈ ಬಿಡ್ತಿದ್ರು. ಈಗ ಗಾಡಿ ತಾನೇ ಹೋಗುತ್ತೆ, ಅವರ ಗಮನ ಎಲ್ಲಾ ಬಾಳೆಹಣ್ಣಿನ ಸಿಪ್ಪೆ ಎಸೆಯೋದರ ಮೇಲೆ. ನನ್ನ ತಂಗಿ ಮಗನಿಗೆ ಅದು ತಡೆಯೋಕಾಗ್ತಿಲ್ಲ.

ಡಾಕ್ಟರಿಗೂ ತೋರಿಸಿದೆ. ಊತ ಇಲ್ಲ, ದಣಿವು ಅಷ್ಟೇ ಅಂದ್ರು. ಆಟ ನಿಲ್ಲಿಸಿ ಅನ್ನಲಿಲ್ಲ. ಸದ್ಯಕ್ಕೆ ಒಂದು ದಿನ ಬಿಟ್ಟು ಒಂದು ದಿನ ಆಡಿ ಅಂದ್ರು, ಹಾಗೇ ಮಾಡ್ತಿದೀನಿ.

ನಿನ್ನೆ ಶಾಲೆ ಮುಗಿಸಿ ರಿಪೇರಿಯಣ್ಣನ ಅಂಗಡಿಗೆ ಹೋಗಿದ್ದೆ. ಅವರ ಸ್ವಂತ ಸ್ಪ್ಲಿಟ್ ಪ್ಯಾಡನ್ನ ನನ್ನ ಸ್ವಿಚ್ಚಿಗೆ ಹಾಕಿ ಕೊಟ್ರು, ಆಮೇಲೆ ಒಂದು ಗ್ರಿಪ್ ಹಾಕಿ ಕೊಟ್ರು. ಎರಡೂ ಹಿಡಿದು ಅವರ ಸ್ಟೂಲ್ ಮೇಲೆ ಬ್ಯಾಗ್ ಸಮೇತ ಬಸ್ಸಲ್ಲಿ ಕೂರೋ ಹಾಗೇ ಕೂತು ಆಡಿದೆ. ಸ್ಪ್ಲಿಟ್ ಪ್ಯಾಡಿನ ಸ್ಟಿಕ್ ನಿಜಕ್ಕೂ ಸೊಗಸು. ಬಾಣ ಬಿಡುವಾಗ ಕೂದಲೆಳೆಯಷ್ಟು ಸರಿಸಿದ್ರೂ ಕೇಳುತ್ತೆ. ಆದರೆ ನನ್ನ ಕೈ ಚಿಕ್ಕದು. ಹಿಡಿ ದಪ್ಪ ಇರೋದ್ರಿಂದ ಝಡ್‌ಆರ್ ಗುಂಡಿ ಮುಟ್ಟೋಕೆ ತೋರುಬೆರಳು ಚಾಚಬೇಕು. ಅಗಲನೂ ಜಾಸ್ತಿ ಆಗಿ ಪಕ್ಕದ ಸೀಟಿನವರಿಗೆ ಮೊಣಕೈ ತಾಗುತ್ತೆ ಅನ್ನಿಸ್ತು. ಗ್ರಿಪ್ ಹಾಕಿದಾಗ ಅಗಲ ಹಾಗೇ ಉಳಿಯಿತು, ಕಿರುಬೆರಳಿಗೆ ಕೆಲಸವೇ ಇರಲಿಲ್ಲ. ಗುಡಿಗಳ ಒಗಟಿಗೆ ಗೈರೊನೂ ಬೇಕಲ್ಲ, ಅದನ್ನ ಬಿಟ್ಟು ಆಡೋಕೆ ನನಗೆ ಇಷ್ಟ ಇಲ್ಲ. ಹಾಗಾಗಿ ಗ್ರಿಪ್ಪೇ ಗಟ್ಟಿ. ಅದು ಹಿಡಿಯೋ ಕೇಸೂ ಅವರೇ ತರಿಸಿಕೊಡ್ತಾರಂತೆ. ಉಳಿದ ದುಡ್ಡಲ್ಲಿ ಮನೆಗೆ ಏಟ್‌ಬಿಟ್‌ಡು ಪ್ಯಾಡ್ ಆಗುತ್ತಾ ನೋಡ್ಬೇಕು, ಟಿವಿಲಿ ಬೆಟ್ಟ ಹತ್ತಿದ್ರೆ ಹೇಗಿರುತ್ತೆ ಅನ್ನೋ ಆಸೆ.

ನನ್ನ ಹಾಗೆ ದಿನಾ ಓಡಾಡೋ ಟೀಚರ್‌ಗಳು, ಬ್ಯಾಂಕಿನವರು ಯಾರಾದ್ರೂ ಇದನ್ನ ಓದ್ತಿದ್ರೆ, ಕೈ ನೋವು ಅಂತ ಆಟ ಬಿಡಬೇಡಿ. ಗುಂಡಿ ಬದಲಿಸಿ ನೋಡಿ, ಬ್ಯಾಗ್ ತೊಡೆ ಮೇಲೆ ಇಡಿ, ಆಮೇಲೆ ಅಂಗಡಿಗೆ ಹೋಗಿ.

ಒಂದು ಮಾತು ಉಳೀತು. ಗ್ರಿಪ್ ಹಾಕಿದ್ದಾಗಲೇ ಟಿವಿಗೆ ಜೋಡಿಸೋ ಡಾಕಿಗೆ ಇಡಬಹುದಾ? ಮತ್ತೆ ಬಸ್ಸಲ್ಲಿ ಪವರ್‌ಬ್ಯಾಂಕ್ ಯಾವುದು ನಡೆಯುತ್ತೆ?

ದುರ್ಗದ ರಿಪೇರಿಯವ

ಇಡೋಕಾಗಲ್ಲ ಅಕ್ಕ, ಬೆನ್ನು ಕವರ್ ದಪ್ಪ ಇರುತ್ತೆ. ಡಾಕಿಗೆ ಇಡುವಾಗ ತೆಗೀಬೇಕು. ನಿಮಗೆ ತೋರಿಸಿದ್ದು ಮೆತ್ತಗಿನದು, ಒಂದು ಮೂಲೆ ಎಳೆದ್ರೆ ಬರುತ್ತೆ, ಜಾಯ್‌ಕಾನ್ ಬಿಚ್ಚೋ ಕೆಲಸ ಇಲ್ಲ. ಗಟ್ಟಿ ಪ್ಲಾಸ್ಟಿಕ್‌ದು ಬೇಡ ಅಂದಿದ್ದು ಇದಕ್ಕೇ, ದಿನಾ ತೆಗೆದು ಹಾಕಿದ್ರೆ ಅಂಚಿಗೆ ಗೀರು ಬೀಳುತ್ತೆ.

ಪವರ್‌ಬ್ಯಾಂಕ್ ಯುಎಸ್‌ಬಿ ಸಿ ಬಾಯಿ ಇರೋದು, ಪಿಡಿ ಅಂತ ಬರೆದಿರೋದು, 18 ವ್ಯಾಟ್ ಇಲ್ಲಾ ಅದಕ್ಕಿಂತ ಜಾಸ್ತಿ. ಬಸ್ಸಿನ ಚಾರ್ಜಿಂಗ್ ಪಾಯಿಂಟ್ ನೆಚ್ಚಬೇಡಿ, ಆಡ್ತಾ ಇದ್ರೆ ಅದರ ಕರೆಂಟ್ ಸಾಲಲ್ಲ. ನಿಮ್ಮ ಓಲೆಡ್ ಹೆಂಗೂ ಆಟ ನೋಡ್ಕೊಂಡು ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತೆ, ದುರ್ಗದಿಂದ ದಾವಣಗೆರೆಗೆ ಅಷ್ಟೆಲ್ಲ ಹೊತ್ತು ಬೇಕಿಲ್ಲ. ಮನೇಲಿ ಚಾರ್ಜ್ ಹಾಕೋದು ಮರೆತ ದಿನಕ್ಕೆ ಇರಲಿ.

ಕೇಸ್ ಶುಕ್ರವಾರ ಬರುತ್ತೆ. ಸಂಜೆ ಬರುವಾಗ ಸ್ವಿಚ್ ತನ್ನಿ, ಮುಚ್ಚಳ ಸ್ಟಿಕ್ ಒತ್ತುತ್ತಾ ಅಂತ ಹಾಕಿ ನೋಡಿಯೇ ಕೊಡ್ತೀನಿ.